ಕುಂಬ್ರದ ಜರ್ಮನ್ ಹೋಟೆಲು

ಕಳೆದ ತಿಂಗಳು ಪುತ್ತೂರಿನಿಂದ ಸುಳ್ಯಕ್ಕೆ ಬರುವಾಗ ಬಸ್ಸು ಕುಂಬ್ರದಲ್ಲಿ ಸ್ವಲ್ಪ ಹೆಚ್ಚೇ ನಿಂತಿತು. ಯಾರದೋ ಅಕ್ಕಿಚೀಲಗಳನ್ನು ಇಳಿಸುತ್ತಿದ್ದರು. ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ನೀರುಳ್ಳಿ ಸಣ್ಣ ಉರಿಯಲ್ಲಿ ಕೆಂಪಾಗುವ ವಾಸನೆ, ಅದರ ಹಿಂದೆ ಎಲ್ಲೋ ಒಂಚೂರು ಹುಳಿ. ತಲೆಯೆತ್ತಿ ನೋಡಿದೆ. ಬಾರಿನ ಮೇಲಿನ ಮಾಳಿಗೆಯಲ್ಲಿ ಈಗ ಹೊಲಿಗೆ ಕ್ಲಾಸಿನ ಬೋರ್ಡು ಉಂಟು. ಕಿಟಕಿಯ ಪರದೆ ಬೇರೆ. ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟಿತು. ಸುಳ್ಯ ಬರುವವರೆಗೂ ನನಗೆ ದಾರಿ ಕಾಣಲಿಲ್ಲ. ನಾಲ್ಕು ವರ್ಷದ ಹಿಂದಿನ ಒಂದು ಬೇಸಿಗೆ ಕಾಣುತ್ತಿತ್ತು.

ಆಗ ನನಗೆ ಮೂವತ್ತೈದು. ಸುಳ್ಯದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ಹನ್ನೆರಡು ವರ್ಷ ಕಳೆದಿತ್ತು. ಮನೆ ಆಲೆಟ್ಟಿಯಲ್ಲಿ. ಗಂಡನಿಗೆ ಜೀಪು ಓಡಿಸುವ ಕೆಲಸ, ಮಗಳು ನಾಲ್ಕನೇ ಕ್ಲಾಸು. ಜೀವನದಲ್ಲಿ ದೂರುವಂಥದ್ದು ಏನೂ ಇರಲಿಲ್ಲ. ಆದರೂ ಆ ವರ್ಷ ನಮ್ಮ ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಜರ್ಮನಿ. ಅಲ್ಲಿ ನರ್ಸುಗಳು ಬೇಕಂತೆ, ಭಾಷೆಯ ಪರೀಕ್ಷೆ ಪಾಸಾದರೆ ಕರೆಸಿಕೊಳ್ಳುತ್ತಾರಂತೆ. ನಾನು ಹೋಗಿಯೇ ತೀರುತ್ತೇನೆ ಅಂತ ಹೊರಟವಳಲ್ಲ. ನಲವತ್ತು ತುಂಬುವ ಮೊದಲು ಏನಾದರೂ ಒಂದು ಹೊಸದು ತಲೆಗೆ ಹತ್ತುತ್ತದೋ ನೋಡೋಣ ಅನ್ನಿಸಿತ್ತು. ಭಾನುವಾರ ಬೆಳಿಗ್ಗೆ ಪುತ್ತೂರಿನಲ್ಲಿ ಒಂದು ಸ್ಟೇಷನರಿ ಅಂಗಡಿಯ ಮೇಲೆ ಕ್ಲಾಸು. ಸೇರಿಕೊಂಡೆ.

ಅಲ್ಲಿ ಸಿಕ್ಕಿದವರು ಶೈನಿ ಮತ್ತು ರಜಿಯಾ. ಇಬ್ಬರೂ ನನ್ನಂತೆ ನರ್ಸುಗಳು. ಶೈನಿ ಕಡಬದವಳು. ಅವಳ ಅಜ್ಜ ಕೇರಳದಿಂದ ಬಂದು ಅಲ್ಲಿ ರಬ್ಬರ್ ಹಾಕಿದವರು. ಅವಳ ತಲೆ ಚುರುಕು, ಕೇಳಿದ ಶಬ್ದವನ್ನು ಮತ್ತೆ ಮರೆಯುತ್ತಿರಲಿಲ್ಲ. ರಜಿಯಾ ಕುಂಬ್ರದ ಹತ್ತಿರದ ಬ್ಯಾರಿ ಮುಸ್ಲಿಮರ ಹುಡುಗಿ, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ಮಾತು ಜಾಸ್ತಿ. ಮೂವರ ಮನೆಮಾತೂ ಬೇರೆ ಬೇರೆ. ನನ್ನದು ಸುಳ್ಯ ಕಡೆಯ ಗೌಡರ ಅರೆಭಾಷೆ, ಶೈನಿಯದ್ದು ಮಲಯಾಳ, ರಜಿಯಾಳದ್ದು ಬ್ಯಾರಿ. ನಮ್ಮೊಳಗೆ ತುಳುವಿನಲ್ಲಿ ಮಾತಾಡುತ್ತಿದ್ದೆವು, ಟೀಚರ್ ಹತ್ತಿರ ಕನ್ನಡದಲ್ಲಿ. ಇಷ್ಟು ಭಾಷೆ ಇರುವ ತಲೆಗೆ ಇನ್ನೊಂದು ಏನು ಮಹಾ ಎಂದುಕೊಂಡಿದ್ದೆವು. ಎರಡೇ ತಿಂಗಳಲ್ಲಿ ಆ ಜಂಬ ಇಳಿಯಿತು. ಓದಲಿಕ್ಕೆ ಬರುತ್ತಿತ್ತು, ಬರೆಯಲಿಕ್ಕೂ ಅಲ್ಪಸ್ವಲ್ಪ. ಬಾಯಿ ತೆರೆದರೆ ಮಾತ್ರ ಗಂಟಲಿನಲ್ಲಿ ಹತ್ತಿ ತುರುಕಿದ ಹಾಗೆ. ಒಂದು ದಿನ ಟೀಚರ್ ಬೇಸತ್ತು ಹೇಳಿದರು, ಪುಸ್ತಕ ಮುಚ್ಚಿ, ಎಲ್ಲಿಯಾದರೂ ಹೋಗಿ ಆ ಊರಿನ ಊಟ ಮಾಡಿ, ತಿನ್ನುವಾಗ ತಿನ್ನುವುದರ ಹೆಸರು ಹೇಳಿ, ನಾಲಿಗೆ ಸಡಿಲ ಆಗುತ್ತದೆ ಎಂದು.

ಅವರು ಮಂಗಳೂರನ್ನೋ ಬೆಂಗಳೂರನ್ನೋ ಮನಸ್ಸಿನಲ್ಲಿಟ್ಟು ಹೇಳಿರಬೇಕು. ನಾವು ಪುತ್ತೂರಿನಲ್ಲೇ ಹುಡುಕಿದೆವು. ಮೊದಲ ಭಾನುವಾರ ಒಂದು ಬೇಕರಿಯಲ್ಲಿ ಸಿಕ್ಕಿದ್ದು ಬ್ಲ್ಯಾಕ್ ಫಾರೆಸ್ಟ್ ಕೇಕು. ಆ ಕಾಡು ಜರ್ಮನಿಯಲ್ಲೇ ಇರುವುದು ಎಂದು ಶೈನಿ ಫೋನಿನಲ್ಲಿ ನೋಡಿ ಹೇಳಿದಳು. ಹಾಗಾದರೆ ಊರಿನ ಮಕ್ಕಳೆಲ್ಲ ಹುಟ್ಟಿದ ದಿನಕ್ಕೆ ಜರ್ಮನಿಯದ್ದನ್ನೇ ತಿನ್ನುತ್ತಿದ್ದಾರೆ, ನಮಗೆ ಮಾತ್ರ ಭಾಷೆ ಬಾರದ್ದು ಎಂದು ರಜಿಯಾ ನಕ್ಕಳು. ಇನ್ನೊಂದು ಭಾನುವಾರ ಕಡಬದ ಆಚೆ ಹೊಳೆಯ ಬದಿಯ ಒಂದು ಹೋಂಸ್ಟೇಗೆ ಹೋದೆವು. ಅಲ್ಲಿ ಜರ್ಮನ್ ಊಟ ಎಂದು ಡಬ್ಬಿಯ ಸಾಸೇಜನ್ನು ಬಿಸಿ ಮಾಡಿ, ಮೇಲೆ ಟೊಮೆಟೊ ಸಾಸ್ ಸುರಿದು ಕೊಟ್ಟರು. ಊಟ ಹೇಗೂ ಇರಲಿ, ಆ ದಿನ ಚೆನ್ನಾಗಿತ್ತು. ರಬ್ಬರಿನ ಎಲೆ ಉದುರುವ ಕಾಲ. ಗುಡ್ಡವಿಡೀ ತಾಮ್ರದ ಬಣ್ಣವಾಗಿ, ಗಾಳಿ ಬಂದಾಗೆಲ್ಲ ಎಲೆಗಳು ಸುಮ್ಮನೆ ಸುತ್ತುತ್ತಾ ಹೊಳೆಗೆ ಬೀಳುತ್ತಿದ್ದವು. ಅದನ್ನು ನೋಡುತ್ತಾ ಮೂವರೂ ಒಂದು ಗಂಟೆ ಮಾತಿಲ್ಲದೆ ಕುಳಿತಿದ್ದೆವು, ಯಾವ ಭಾಷೆಯಲ್ಲೂ.

ಮೂರನೆಯ ಜಾಗವನ್ನು ಹುಡುಕಿದ್ದು ರಜಿಯಾ. ಅವಳ ಮನೆಯ ಹತ್ತಿರವೇ, ಕುಂಬ್ರದ ಬಾರಿನ ಮೇಲಿನ ಮಾಳಿಗೆಯಲ್ಲಿ ಒಬ್ಬರು ಹಾಗೆ ಏನೋ ಮಾಡುತ್ತಾರಂತೆ, ಜನ ಅದನ್ನು ಜರ್ಮನ್ ಹೋಟೆಲು ಎಂದೇ ಕರೆಯುತ್ತಾರಂತೆ. ಮೂವರು ಹೆಂಗಸರು ಬಾರಿನ ಮೆಟ್ಟಿಲು ಹತ್ತುವುದು ನಮ್ಮ ಕಡೆ ಸಣ್ಣ ವಿಷಯವಲ್ಲ. ಹಿಂದಿನಿಂದ ಇನ್ನೊಂದು ಮೆಟ್ಟಿಲು ಇತ್ತು, ಅದನ್ನು ಹತ್ತಿದೆವು.

ಮೇಲೆ ಆರು ಮೇಜು. ಒಂದು ಕರಿಹಲಗೆ. ಕಿಟಕಿಯ ಹತ್ತಿರ ಸಾಲಾಗಿ ಭರಣಿಗಳು, ಒಳಗೆ ಕ್ಯಾಬೇಜು ಹುಳಿ ಬರುತ್ತಾ ಇತ್ತು. ಬಿಳಿ ಏಪ್ರನ್ ಕಟ್ಟಿದ, ತೆಳ್ಳಗಿನ, ಅರವತ್ತು ದಾಟಿದ ಒಬ್ಬರು ಒಳಗಿನಿಂದ ಬಂದು ಜರ್ಮನಿನಲ್ಲಿ ನಮಸ್ಕಾರ ಹೇಳಿ ನಿಂತರು. ನಾವು ಕನ್ನಡದಲ್ಲಿ ಏನುಂಟು ಎಂದು ಕೇಳಿದೆವು. ಅವರು ನಕ್ಕು ಸುಮ್ಮನೆ ನಿಂತೇ ಇದ್ದರು. ಭಾಷೆ ಕಲಿಯುವವರು ಎಂದು ರಜಿಯಾ ಮೊದಲೇ ಹೇಳಿಟ್ಟಿದ್ದಳು. ಜರ್ಮನಿನಲ್ಲಿ ಕೇಳದೆ ಅಲ್ಲಿ ನಮಗೆ ಒಂದು ಲೋಟ ನೀರೂ ಸಿಗಲಿಕ್ಕಿಲ್ಲ ಎಂದು ಅರ್ಥವಾಯಿತು.

ಅವರ ಹೆಸರು ಕುಶಾಲಪ್ಪ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಹಡಗಿನ ಅಡಿಗೆ ಕೋಣೆಗೆ ಸೇರಿದವರು, ಜರ್ಮನಿಯಲ್ಲಿ ಇಳಿದು ಅಲ್ಲೇ ಉಳಿದುಬಿಟ್ಟರು. ಅಲ್ಲಿಯ ಒಬ್ಬಾಕೆಯನ್ನು ಮದುವೆಯಾಗಿ, ಒಂದು ಸಣ್ಣ ಊರಿನ ಬಿಯರ್ ಹೋಟೆಲಿನಲ್ಲಿ ಅಡಿಗೆಯವರಾಗಿದ್ದರು. ಮಕ್ಕಳಾಗಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ನಾಲ್ಕು ವರ್ಷವಾಗಿತ್ತು. ಇದನ್ನೆಲ್ಲ ಅವರು ಒಂದೇ ದಿನ ಹೇಳಿದ್ದಲ್ಲ. ವಾರಕ್ಕೊಂದು ತುಂಡಿನಂತೆ, ಅದೂ ನಾವು ಜರ್ಮನಿನಲ್ಲಿ ಸರಿಯಾಗಿ ಕೇಳಿದರೆ ಮಾತ್ರ.

ಫೆಬ್ರವರಿಯ ಕೊನೆಯಿಂದ ಏಪ್ರಿಲ್‌ವರೆಗೆ ನಮ್ಮ ಭಾನುವಾರದ ಮಧ್ಯಾಹ್ನಗಳೆಲ್ಲ ಆ ಮಾಳಿಗೆಯಲ್ಲಿ ಕಳೆದವು. ಇಲ್ಲಿ ಸಿಗದ ಹಿಟ್ಟಿನ ಬದಲಿಗೆ ಅವರು ರಾಗಿ ಬೆರೆಸಿ ಕಪ್ಪು ಬ್ರೆಡ್ಡು ಮಾಡುತ್ತಿದ್ದರು. ಊರಿನ ಹಂದಿಮಾಂಸದಿಂದ ಅವರೇ ಸಾಸೇಜು ತುಂಬುತ್ತಿದ್ದರು. ಆಲೂಗಡ್ಡೆಯ ದೊಡ್ಡ ದೊಡ್ಡ ಉಂಡೆಗಳನ್ನು ಬೇಯಿಸಿ ಕೊಡುತ್ತಿದ್ದರು, ಅದಕ್ಕೆ ಕ್ನೋಡೆಲ್ ಎಂದು ಹೆಸರು. ನಮ್ಮ ಅಕ್ಕಿ ಕಡುಬಿನ ಅಣ್ಣ ಎಂದಳು ಶೈನಿ. ರಜಿಯಾಳಿಗೆ ಅವಳ ಪರಿಚಯದ ಅಂಗಡಿಯಿಂದಲೇ ತರಿಸಿದ ಕೋಳಿಯನ್ನು ತೆಳ್ಳಗೆ ಬಡಿದು, ರೊಟ್ಟಿಪುಡಿ ಹಚ್ಚಿ ಕರಿಯುತ್ತಿದ್ದರು. ಅದಕ್ಕೆ ಬೇರೆಯೇ ಬಾಣಲೆ, ಬೇರೆಯೇ ಚಮಚ. ಅವಳು ಕೇಳಿರಲಿಲ್ಲ, ಅವರೇ ಮಾಡಿದ್ದು.

ಊಟದ ಜೊತೆಗೆ ಪಾಠ. ಚಮಚ ಗಂಡಸು, ಮುಳ್ಳುಚಮಚ ಹೆಂಗಸು, ಚೂರಿ ಎರಡೂ ಅಲ್ಲ. ಯಾಕೆ ಹಾಗೆ ಎಂದು ಕೇಳಿದರೆ ಉತ್ತರವಿಲ್ಲ, ಹಾಗೆಯೇ ನುಂಗಬೇಕು. ತಪ್ಪು ಹೇಳಿದರೆ ಅವರು ಆ ಚಮಚವನ್ನು ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದರು, ಸರಿಯಾಗಿ ಕರೆದರೆ ಅದರೊಂದಿಗೆ ವಾಪಸು ಬರುತ್ತಿದ್ದರು.

ಬಿಯರನ್ನು ನಾನು ಬಾಯಿಗೆ ಇಟ್ಟದ್ದು ಅಲ್ಲೇ ಮೊದಲು. ಕೆಳಗಿನ ಬಾರಿನಿಂದ ಬರುತ್ತಿದ್ದ ಮಾಮೂಲಿ ಬಾಟಲಿಗಳೇ, ಜರ್ಮನಿಯದ್ದು ಅದರಲ್ಲಿ ಏನೂ ಇಲ್ಲ. ಅವರಿಗೆ ಅದರ ಬಗ್ಗೆ ದೊಡ್ಡ ಬೇಸರ. ಆದರೂ ಉದ್ದದ ಗ್ಲಾಸನ್ನು ಓರೆ ಹಿಡಿದು, ಮೂರು ಸಲ ನಿಲ್ಲಿಸಿ ನಿಲ್ಲಿಸಿ ಸುರಿದು, ನೊರೆ ಕುಳಿತ ಮೇಲೆ ಮತ್ತೆ ಸುರಿದು, ಪೂಜೆಗೆ ಇಟ್ಟ ಹಾಗೆ ಇಡುತ್ತಿದ್ದರು. ಮೊದಲ ಗುಟುಕಿಗೆ ಕಹಿ. ನುಂಗಿದ ಮೇಲೆ ಬೆಂದ ಗೋಧಿಯದ್ದೋ ಒದ್ದೆ ಹುಲ್ಲಿನದ್ದೋ ಒಂದು ರುಚಿ. ವಾರಕ್ಕೊಂದು ಬಗೆಯದ್ದನ್ನು ತರಿಸಿ ಶೈನಿಗೂ ನನಗೂ ಅರ್ಧರ್ಧ ಗ್ಲಾಸು ಕೊಟ್ಟು, ಇದಕ್ಕೂ ಹೋದ ವಾರದ್ದಕ್ಕೂ ಏನು ವ್ಯತ್ಯಾಸ ಎಂದು ಕೇಳುತ್ತಿದ್ದರು. ಹೇಳದಿದ್ದರೆ ಬಿಡುತ್ತಿರಲಿಲ್ಲ. ಕಹಿ, ಹಗುರ, ತಣ್ಣಗೆ, ಮೊನ್ನೆಯದ್ದೇ ಒಳ್ಳೆಯದಿತ್ತು ಎಂಬ ಮಾತುಗಳೆಲ್ಲ ಹಾಗೆ ಬಾಯಿಗೆ ಬಂದವು. ರಜಿಯಾ ಲಿಂಬೆ ಸೋಡಾ ಕುಡಿಯುತ್ತಾ ನಮ್ಮಿಬ್ಬರ ಮುಖ ನೋಡಿ ಅಂದಾಜಿನಲ್ಲೇ ಬಿಯರಿನ ರುಚಿ ವಿವರಿಸುತ್ತಿದ್ದಳು, ನಮಗಿಂತ ಚೆನ್ನಾಗಿ. ಗಂಡನಿಗೆ ಎಲ್ಲ ಗೊತ್ತಿತ್ತು. ವಾಸನೆ ಮಾಡಿಕೊಂಡು ಬಸ್ಸು ಹತ್ತಬೇಡ, ಜೀಪಿನಲ್ಲಿ ನಾನೇ ಬರುತ್ತೇನೆ ಎಂದು ಹೇಳಿದ್ದ.

ಈಗ ನೆನೆಸಿದರೆ ಆ ಮಧ್ಯಾಹ್ನಗಳು ಒಂದರೊಳಗೊಂದು ಸೇರಿ ಒಂದೇ ಉದ್ದದ ಮಧ್ಯಾಹ್ನದ ಹಾಗೆ ಕಾಣುತ್ತವೆ. ಹೊರಗೆ ಬಿಸಿಲು ಬೆಳ್ಳಗೆ ಉರಿಯುತ್ತಿತ್ತು. ಹಿಂದಿನ ಗುಡ್ಡದಿಂದ ಗೇರುಹೂವಿನ ವಾಸನೆ ಕಿಟಕಿಯೊಳಗೆ ಬಂದು ಭರಣಿಯ ಹುಳಿಯೊಂದಿಗೆ ಬೆರೆಯುತ್ತಿತ್ತು. ಮೇಲೆ ಫ್ಯಾನು ಸುತ್ತುತ್ತಿತ್ತು, ಗ್ಲಾಸಿನ ನೆರಳು ಮೇಜಿನ ಮೇಲೆ ಜೇನಿನ ಬಣ್ಣದಲ್ಲಿ ಅಲುಗುತ್ತಿತ್ತು. ಎಲ್ಲೋ ಇದ್ದೇನೆ, ಎಲ್ಲಿ ಎಂದು ಗೊತ್ತಿಲ್ಲ, ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ ಎಂಬಂಥ ಒಂದು ಮಂಪರು. ಅಂಥ ಹೊತ್ತಿನಲ್ಲಿ ಹೊಸ ಭಾಷೆಯ ಶಬ್ದಗಳು ತಾವಾಗಿಯೇ ಬಂದು ನಾಲಿಗೆಯ ಮೇಲೆ ಕುಳಿತುಕೊಳ್ಳುತ್ತಿದ್ದವು.

ಒಂದು ಭಾನುವಾರ ಮಾತಿನ ನಡುವೆ, ಅಜ್ಜಾವರದಲ್ಲಿ ನನ್ನ ಚಿಕ್ಕಮ್ಮನ ಮನೆ ಉಂಟು ಎಂದು ಜರ್ಮನಿನಲ್ಲಿ ಕಷ್ಟಪಟ್ಟು ಹೇಳಿದೆ. ಕುಶಾಲಪ್ಪಣ್ಣನ ಕೈಯಲ್ಲಿದ್ದ ಬಾಟಲಿ ಅರ್ಧದಲ್ಲೇ ನಿಂತಿತು. ತಿರುವಿನಲ್ಲಿದ್ದ ದೊಡ್ಡ ಕಾಟುಮಾವಿನ ಮರ ಈಗಲೂ ಉಂಟಾ ಎಂದು ಕೇಳಿದರು. ರಸ್ತೆ ಅಗಲ ಮಾಡುವಾಗ ಕಡಿದರು ಎಂದೆ. ನೀವೂ ನಮ್ಮವರಾ ಎಂದು ಅರೆಭಾಷೆಯಲ್ಲಿ ಕೇಳಿಬಿಟ್ಟೆ. ಅವರು ಜರ್ಮನಿನಲ್ಲೇ, ಇಲ್ಲಿ ಬೇರೆ ಭಾಷೆ ಇಲ್ಲ ಎಂದು ಒಳಗೆ ಹೋದರು. ಆಮೇಲೆ ವಿಚಾರಿಸಿದಾಗ ಚಿಕ್ಕಮ್ಮ ಹೇಳಿದರು. ಅವರ ಮನೆಯಿಂದ ನಾಲ್ಕನೇ ಮನೆಯ ಜಾನಕಿಯಕ್ಕನ ತಮ್ಮ ಈ ಕುಶಾಲಪ್ಪಣ್ಣ. ತಾಯಿ ತೀರಿಕೊಂಡಾಗಲೂ ಬರಲಿಲ್ಲವಂತೆ. ಅಂದಿನಿಂದ ಅಕ್ಕ ತಮ್ಮನ ಹೆಸರೆತ್ತಿಲ್ಲ.

ಏಪ್ರಿಲ್ ಎರಡನೇ ವಾರದಲ್ಲಿ ಒಂದು ಬೆಳಿಗ್ಗೆ ರಜಿಯಾ ಫೋನ್ ಮಾಡಿದಳು. ಕುಶಾಲಪ್ಪಣ್ಣ ಒಲೆಯ ಮುಂದೆ ಬಿದ್ದಿದ್ದಾರೆ, ಪುತ್ತೂರಿಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದಳು. ಮಿದುಳಿನಲ್ಲಿ ರಕ್ತ ಕಟ್ಟಿ ಮೈಯ ಬಲಭಾಗ ಸೋತಿತ್ತು. ಐದು ದಿನ ಕಳೆದು ಜೀವಕ್ಕೆ ಅಪಾಯವಿಲ್ಲ ಎಂದಾದ ಮೇಲೆ, ನೋಡಿಕೊಳ್ಳಲು ನಾನಿದ್ದೇನೆಂದು, ನಮ್ಮ ಆಸ್ಪತ್ರೆಗೆ ತಂದೆವು.

ಮಾತು ಪೂರ್ತಿ ಹೋಗಿದೆ ಎಂದುಕೊಂಡಿದ್ದೆವು. ಎರಡನೇ ದಿನ ಹಾಸಿಗೆ ಬಟ್ಟೆ ಬದಲಿಸುವಾಗ ಅವರ ಬಾಯಿಯಿಂದ ಒಂದು ಶಬ್ದ ಬಂತು. ಜೊತೆಗಿದ್ದ ನರ್ಸಿಗೆ ಅದು ಬರೀ ಗೊಣಗಾಟದ ಹಾಗೆ ಕೇಳಿಸಿತು. ನನಗೆ ತಿಳಿಯಿತು. ಅವರು ಕೇಳಿದ್ದು ನೀರು, ಆದರೆ ಜರ್ಮನಿನಲ್ಲಿ. ಆಮೇಲೆ ಬಂದ ಪ್ರತಿಯೊಂದು ಮಾತೂ ಜರ್ಮನ್ನೇ. ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು, ನಾವು ಹೇಳುವುದು ಅವರಿಗೆ ಹೆಚ್ಚುಕಡಿಮೆ ಎಲ್ಲ ಅರ್ಥವಾಗುತ್ತದೆ, ತಿರುಗಿ ಹೇಳಲು ಮಾತ್ರ ಬಹಳ ವರ್ಷ ಬಳಸಿದ ಭಾಷೆಯ ನಾಲ್ಕಾರು ಶಬ್ದ ಉಳಿದಿದೆ, ಉಳಿದದ್ದು ಬರಬಹುದು, ಬಾರದೆಯೂ ಇರಬಹುದು.

ಮನೆಯವರಿಗೆ ಹೇಳಬೇಕಲ್ಲ. ಒಂದು ಸಂಜೆ ಡ್ಯೂಟಿ ಮುಗಿಸಿ ಅಜ್ಜಾವರಕ್ಕೆ ಹೋದೆ. ಜಾನಕಿಯಕ್ಕ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸಿದ್ದನ್ನು ತೆಗೆಯುತ್ತಿದ್ದರು. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು, ಮಗ ಸೊಸೆಯೊಂದಿಗೆ ಇದ್ದರು. ಅವರು ಆಡುವುದು ನಮ್ಮ ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ನಾನು ಹೇಳಿದ್ದನ್ನೆಲ್ಲ ಕೇಳಿ, ಹಪ್ಪಳ ಜೋಡಿಸುವುದನ್ನು ನಿಲ್ಲಿಸದೆ ಹೇಳಿದರು.

"ಅವ ಕುಂಬ್ರದಲ್ಲಿ ಇರುದು ನಂಗೆ ಗೊತ್ತುಂಟು. ಒಮ್ಮೆ ಬಸ್ಸಿಳಿದು ರಸ್ತೆಯ ಆಚೆ ಬದಿಯಲ್ಲಿ ಒಂದು ಗಂಟೆ ನಿಂತಿದ್ದೆ. ಅವ ಕಿಟಕಿಯ ಹತ್ರ ಬಂದ. ನನ್ನನ್ನು ನೋಡ್ಲಿಲ್ಲ. ವಾಪಸು ಬಂದೆ."

ಬರುತ್ತೇನೆ ಎಂದಾಗಲಿ ಇಲ್ಲ ಎಂದಾಗಲಿ ಹೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ತೂಕುಪಾತ್ರೆಯಲ್ಲಿ ಗಂಜಿ ಹಿಡಿದುಕೊಂಡು ವಾರ್ಡಿನ ಬಾಗಿಲಲ್ಲಿ ನಿಂತಿದ್ದರು.

ತಮ್ಮನ ಮಂಚದ ಹತ್ತಿರ ಹೋಗಿ ಅವರು, ಕುಶಾಲ, ಗಂಜಿ ತಂದಿದ್ದೇನೆ ಎಂದರು. ಕುಶಾಲಪ್ಪಣ್ಣ ಅಕ್ಕನ ಮುಖವನ್ನು ಬಹಳ ಹೊತ್ತು ನೋಡಿ ಜರ್ಮನಿನಲ್ಲಿ ಏನೋ ಹೇಳಿದರು. ಜಾನಕಿಯಕ್ಕನ ಮುಖ ಕೆಂಪಾಯಿತು. ಇಷ್ಟು ವರ್ಷ ಕಳೆದ ಮೇಲೆ ನನ್ನ ಹತ್ತಿರ ಇಂಗ್ಲಿಷು ಮಾತಾಡುವುದಾ ಇವ ಎಂದು ನನ್ನನ್ನು ಕೇಳಿದರು. ನಾನು ಅವರನ್ನು ಹೊರಗೆ ಕರೆದುಕೊಂಡು ಹೋಗಿ, ಅದು ಸೊಕ್ಕಲ್ಲ, ರೋಗ ಎಂದು ತಿಳಿಸಿ ಹೇಳಬೇಕಾಯಿತು. ಅವರು ಬೆಂಚಿನ ಮೇಲೆ ಕುಳಿತು ಯೋಚಿಸಿದರು. ಆಮೇಲೆ, ಈಗ ಅವ ಹೇಳಿದ್ದೇನು ಎಂದು ಕೇಳಿದರು. ಕೂದಲೆಲ್ಲ ಬೆಳ್ಳಗಾಯಿತಲ್ಲ ಅಂದದ್ದು ಎಂದೆ.

ಅಲ್ಲಿಂದ ಶುರುವಾಯಿತು ನನ್ನ ಹೊಸ ಕೆಲಸ. ಬೆಳಗಿನ ಶಿಫ್ಟಿನಲ್ಲಿ ಬಿಡುವಾದಾಗೆಲ್ಲ ಅಕ್ಕ ತಮ್ಮನ ನಡುವೆ ನಿಂತು ತಮ್ಮನ ಮಾತನ್ನು ಅಕ್ಕನಿಗೆ ಮುಟ್ಟಿಸುವುದು. ಕುಶಾಲಪ್ಪಣ್ಣನಿಗೆ ಉಳಿದಿದ್ದ ಶಬ್ದಗಳಲ್ಲಿ ಮುಕ್ಕಾಲುಪಾಲು ಅಡಿಗೆಮನೆಯವು. ತಲೆದಿಂಬಿಗೆ ಕ್ನೋಡೆಲ್ ಎನ್ನುತ್ತಿದ್ದರು. ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆದರೆ ಒಲೆ ಆರಿಸಿ ಎನ್ನುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದರು. ಆದರೆ ನನ್ನ ಜರ್ಮನ್ನೂ ಅದೇ ಅಡಿಗೆಮನೆಯದ್ದು, ಅವರೇ ಉಣ್ಣಿಸಿದ್ದು. ಪುಸ್ತಕದಿಂದ ಕಲಿತದ್ದು ಎಲ್ಲಿ ಹೋಯಿತೋ, ಮಾಳಿಗೆಯಲ್ಲಿ ತಿಂದದ್ದು ಮಾತ್ರ ಒಂದೂ ಮರೆತಿರಲಿಲ್ಲ. ಭಾನುವಾರ ಶೈನಿಯೂ ರಜಿಯಾಳೂ ಬಂದು ಕುಳಿತು ಅವರಿಂದ ಚಮಚ, ಮುಳ್ಳುಚಮಚದ ಪಾಠ ಹೇಳಿಸುತ್ತಿದ್ದರು. ತಪ್ಪು ಹೇಳಿದರೆ ಅವರ ಎಡಗೈ ಈಗಲೂ ಚಮಚವನ್ನು ಕಿತ್ತುಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ, ಹೊರಗೆ ವರ್ಷದ ಮೊದಲ ಗುಡುಗು ಕೇಳಿಸುತ್ತಿತ್ತು. ಮಳೆ ಇನ್ನೂ ಬಂದಿರಲಿಲ್ಲ, ಮಣ್ಣಿನ ವಾಸನೆ ಮಾತ್ರ ಎಲ್ಲಿಂದಲೋ ತೇಲಿ ಬರುತ್ತಿತ್ತು. ಜಾನಕಿಯಕ್ಕ ನನ್ನನ್ನು ಹತ್ತಿರ ಕರೆದರು.

"ಹೇಮಾ, ನಂಗೆ ಇವನ ಹತ್ರ ಒಂದು ಕೇಳ್ಲಿಕ್ಕುಂಟು. ಅವ ಹೇಳಿದ್ದನ್ನು ಹೇಳಿದ ಹಾಗೇ ಹೇಳ್ಬೇಕು ನೀನು. ಚಂದ ಮಾಡ್ಬೇಡ."

ಆಯಿತು ಎಂದೆ. ಅವರು ತಮ್ಮನ ಕಡೆ ತಿರುಗಿದರು.

"ಅಮ್ಮ ಹೋದಾಗ ಯಾಕೆ ಬರ್ಲಿಲ್ಲ ನೀನು?"

ಅವರಿಗೆ ಪ್ರಶ್ನೆ ಅರ್ಥವಾಗಿತ್ತು. ಬಾಯಿ ಎರಡು ಸಲ ತೆರೆದು ಮುಚ್ಚಿತು. ಕೊನೆಗೆ ಒಂದೇ ಶಬ್ದ ಬಂತು, ಗೆಶೇಮ್ಟ್. ಮತ್ತೆ ಅದೇ.

ನನಗೆ ಆ ಶಬ್ದ ಗೊತ್ತಿರಲಿಲ್ಲ. ಜಾನಕಿಯಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಒಂದು ನಿಮಿಷ ಇವತ್ತಿಗೂ ನನ್ನ ಎದೆಯಲ್ಲಿ ಹಾಗೇ ಇದೆ. ಕಾಯಿಲೆಯಾಗಿತ್ತಂತೆ, ಸುದ್ದಿ ತಡವಾಗಿ ಸಿಕ್ಕಿತಂತೆ, ಏನು ಬೇಕಾದರೂ ಹೇಳಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಕ್ಕನ ಮನಸ್ಸೂ ತಣ್ಣಗಾಗುತ್ತಿತ್ತು. ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಚಂದ ಮಾಡಬೇಡ ಎಂದಿದ್ದರಲ್ಲ, ಅದು ತಡೆಯಿತು. ಈ ಶಬ್ದ ನನಗೆ ಗೊತ್ತಿಲ್ಲ, ಕೇಳಿಕೊಂಡು ಬರುತ್ತೇನೆ ಎಂದು ವರಾಂಡಕ್ಕೆ ಹೋದೆ. ಫೋನಿನಲ್ಲಿ ಹುಡುಕಿದೆ. ನಾನು ಬರೆದ ಅಕ್ಷರ ತಪ್ಪಿತ್ತೋ ಏನೋ, ಏನೂ ಸಿಗಲಿಲ್ಲ. ಶೈನಿಗೆ ಕರೆ ಮಾಡಿದೆ. ಅವಳು ಪರೀಕ್ಷೆಗೆ ಓದಲು ರಜೆ ಹಾಕಿ ಕಡಬದ ಮನೆಯಲ್ಲಿದ್ದಳು. ನಾನು ಎರಡು ಸಲ ಉಚ್ಚರಿಸಿದ ಮೇಲೆ ಅವಳಿಗೆ ತಿಳಿಯಿತು.

"ನಾಚಿಕೆ. ನಂಗೆ ನಾಚಿಕೆ ಆಯ್ತು ಅಂತ. ಯಾರು ಹೇಳಿದ್ದು ಅದನ್ನು?"

ಕುಶಾಲಪ್ಪಣ್ಣ ಎಂದೆ.

ನಾನು ಒಳಗೆ ಬಂದು ಹೇಳಿದೆ. ಎಂತಕ್ಕೆ ನಾಚಿಕೆ ಎಂದು ಜಾನಕಿಯಕ್ಕ ಕೇಳಿದರು. ಕುಶಾಲಪ್ಪಣ್ಣ ಎಡಗೈಯನ್ನು ಗಾಳಿಯಲ್ಲಿ ಗುಂಡಗೆ ಉಜ್ಜುತ್ತಾ ಟೆಲ್ಲರ್, ಟೆಲ್ಲರ್ ಎಂದರು. ಅದು ನನಗೆ ಗೊತ್ತಿದ್ದ ಶಬ್ದ. ತಟ್ಟೆ ಎಂದೆ. ಅವರು ಐದು ಬೆರಳು ತೋರಿಸಿದರು, ಆಮೇಲೆ ಎರಡು. ವರ್ಷ ಎಂದರು. ಆಮೇಲೆ ಕಾಗದ ಎಂದರು. ಆಮೇಲೆ ಯಜಮಾನ. ನಾನು ಒಂದೊಂದೇ ಶಬ್ದವನ್ನು ಹಾಗೆಯೇ ಇಟ್ಟೆ, ಏನೂ ಸೇರಿಸಲಿಲ್ಲ. ತಟ್ಟೆ. ಏಳು ವರ್ಷ. ಕಾಗದ. ಯಜಮಾನ.

ಜೋಡಿಸಿದ್ದು ಜಾನಕಿಯಕ್ಕ, ನನಗಿಂತ ಮೊದಲೇ. ದೊಡ್ಡ ಹೋಟೆಲಿನ ಅಡಿಗೆಮನೆಗೆ ನಾನೇ ಯಜಮಾನ, ಕೈಕೆಳಗೆ ಹತ್ತು ಜನ ಇದ್ದಾರೆ ಎಂದು ಕುಶಾಲಪ್ಪಣ್ಣ ತಾಯಿಗೆ ಕಾಗದ ಬರೆಯುತ್ತಿದ್ದರಂತೆ. ತಾಯಿ ಅದನ್ನು ಊರಿಗೆಲ್ಲ ಓದಿಸಿ ಹೇಳಿಸುತ್ತಿದ್ದರು. ಆ ಏಳು ವರ್ಷವೂ ಅವರು ಅಲ್ಲಿ ತಟ್ಟೆ ತೊಳೆಯುತ್ತಿದ್ದರು. ತಾಯಿ ಹೋದದ್ದು ಆ ಕಾಲದಲ್ಲಿ. ಬಂದಿದ್ದರೆ ಸತ್ತ ತಾಯಿಯ ಮುಂದೆಯೂ ಅದೇ ಸುಳ್ಳನ್ನು ಹೇಳಿಕೊಂಡು ತಿರುಗಬೇಕಿತ್ತು.

ಗುಡುಗು ಹತ್ತಿರವಾಯಿತು. ಜಾನಕಿಯಕ್ಕ ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡರು.

"ಅಮ್ಮನಿಗೆ ಗೊತ್ತಿತ್ತು, ಕುಶಾಲ. ಕೋಟು ಹಾಕಿ ಕಾರಿನ ಮೇಲೆ ಕೈಯಿಟ್ಟು ಒಂದು ಫೋಟೋ ಕಳ್ಸಿದ್ದಿ ಅಲ್ವಾ ನೀನು? ಅಮ್ಮ ಕೋಟೂ ನೋಡ್ಲಿಲ್ಲ, ಕಾರೂ ನೋಡ್ಲಿಲ್ಲ. ಕೈ ನೋಡಿದ್ರು. ಬೆರಳೆಲ್ಲ ಊದಿ ಉಗುರು ಬೆಳ್ಳಗಾಗಿಬಿಟ್ಟಿತ್ತು. ಇವ ಪಾತ್ರೆ ತೊಳೀತಾನೆ ಪಾಪ ಅಂದ್ರು. ನಂಗೆ ಗೊತ್ತುಂಟು ಅಂತ ಅವನಿಗೆ ಬರೀಬೇಡ ಅಂದಿದ್ರು. ಸಾಯುವವರೆಗೂ ಊರಿಗೆ ಯಜಮಾನ ಅಂತ್ಲೇ ಹೇಳಿದ್ದು ಅವ್ರು."

ಇದನ್ನು ಜರ್ಮನಿನಲ್ಲಿ ಹೇಗೆ ಹೇಳುವುದೆಂದು ನಾನು ಶಬ್ದ ಹುಡುಕುತ್ತಿದ್ದೆ. ಅದರ ಅಗತ್ಯವಿರಲಿಲ್ಲ. ಕುಶಾಲಪ್ಪಣ್ಣ ತನ್ನ ಎಡಗೈಯನ್ನು ಮುಖದ ಮುಂದೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡರು. ಹೊದಿಕೆ ಅಲುಗುತ್ತಿತ್ತು. ಜಾನಕಿಯಕ್ಕ ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಮೆಲ್ಲಗೆ ಅದನ್ನು ಕೆಳಗೆ ಸರಿಸಿ, ಗಂಜಿ ತಣಿಯುತ್ತದೆ ಎಂದರು. ಹೊರಗೆ ಮಳೆ ಬಂತು. ನಾನು ಬೇರೆ ರೋಗಿಗಳನ್ನು ನೋಡಲು ಹೋದೆ.

ಮೇ ತಿಂಗಳ ಕೊನೆಗೆ ಬೆಂಗಳೂರಿನಲ್ಲಿ ಪರೀಕ್ಷೆ. ಮಾತಿನ ಪರೀಕ್ಷೆಯಲ್ಲಿ ನಿನ್ನ ಕೆಲಸದ ಬಗ್ಗೆ ಹೇಳು ಎಂದರು. ನಾನು ತಲೆದಿಂಬಿಗೆ ಕ್ನೋಡೆಲ್ ಎನ್ನುವ ಒಬ್ಬ ರೋಗಿಯ ಕಥೆ ಹೇಳಿದೆ. ಎದುರಿಗಿದ್ದವರು ಮೊದಲು ನಕ್ಕರು, ಆಮೇಲೆ ಬರೆಯುವುದನ್ನು ನಿಲ್ಲಿಸಿ ಕೇಳಿದರು. ಅದರಲ್ಲಿ ನನಗೆ ಒಳ್ಳೆಯ ಅಂಕ ಬಂತು. ಬರವಣಿಗೆಯಲ್ಲಿ ಫೇಲು. ಶೈನಿಯೂ ರಜಿಯಾಳೂ ಎಲ್ಲದರಲ್ಲೂ ಪಾಸು. ಮರುವರ್ಷ ಶೈನಿ ಹೋದಳು, ಅದರ ಮರುವರ್ಷ ರಜಿಯಾ. ಈಗ ಹಿಮ ಬಿದ್ದ ರಸ್ತೆಯ ಫೋಟೋ ಕಳಿಸುತ್ತಿರುತ್ತಾರೆ. ಬರವಣಿಗೆ ಒಂದನ್ನು ಮತ್ತೆ ಬರೆದಿದ್ದರೆ ನಾನೂ ಹೋಗಬಹುದಿತ್ತು. ಬರೆಯಲಿಲ್ಲ. ಯಾಕೆ ಎಂದು ಗಂಡ ಒಮ್ಮೆ ಕೇಳಿದ್ದ. ಆ ಭಾಷೆಯಿಂದ ನನಗೆ ಆಗಬೇಕಾದ ಕೆಲಸ ಆಗಿಹೋಗಿದೆ ಎಂಬ ಭಾವನೆ, ಅಷ್ಟೆ. ಕುಶಾಲಪ್ಪಣ್ಣ ಅಕ್ಕನ ಮನೆಯಲ್ಲಿ ಕೋಲು ಹಿಡಿದು ಓಡಾಡುವಷ್ಟು ಗೆಲುವಾಗಿ ಮೂರು ವರ್ಷ ಬದುಕಿದರು. ಹೋದ ವರ್ಷ ತೀರಿಕೊಂಡರು.

ಆದರೆ ನನಗೆ ಆ ವರ್ಷ ಮುಗಿಯುವುದು ಜೂನಿನ ಒಂದು ಭಾನುವಾರದಲ್ಲಿ. ಪರೀಕ್ಷೆ ಮುಗಿದು ನಾವು ಮೂವರೂ ಅಜ್ಜಾವರಕ್ಕೆ ಊಟಕ್ಕೆ ಹೋಗಿದ್ದೆವು. ಕುಶಾಲಪ್ಪಣ್ಣ ಆಸ್ಪತ್ರೆಯಿಂದ ಬಂದು ಎರಡು ವಾರವಾಗಿತ್ತು. ಜಾನಕಿಯಕ್ಕ ಕಡುಬು ಮಾಡಿದ್ದರು, ಹಂದಿ ಪದಾರ್ಥ ಮಾಡಿದ್ದರು, ರಜಿಯಾಳಿಗೆಂದು ಮೀನು. ಶೈನಿ ಪೇಪರಿನಲ್ಲಿ ಸುತ್ತಿ ಎರಡು ಬಾಟಲಿ ಬಿಯರು ತಂದಿದ್ದಳು. ಕುಶಾಲಪ್ಪಣ್ಣನಿಗೆ ಕುಡಿಯಲು ಡಾಕ್ಟರ ಅಪ್ಪಣೆ ಇರಲಿಲ್ಲ, ಮೂಸಿ ನೋಡಿ ಮುಖ ಕಿವುಚಿದರು. ಜಾನಕಿಯಕ್ಕ ಮಾತ್ರ ಸ್ಟೀಲಿನ ಲೋಟದಲ್ಲಿ ಎರಡು ಗುಟುಕು ಕುಡಿದು, ಕಷಾಯಕ್ಕಿಂತ ಅಡ್ಡಿಲ್ಲ ಎಂದರು. ಅದನ್ನು ಜರ್ಮನಿನಲ್ಲಿ ಹೇಳಲು ಶೈನಿಗೂ ಬರಲಿಲ್ಲ.

ಊಟಕ್ಕೆ ಕುಳಿತೆವು. ಹಂಚಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು, ಒಳಗೆ ಹಗಲೇ ಅರೆಬೆಳಕು. ಜಾನಕಿಯಕ್ಕ ಬಡಿಸುತ್ತಾ ತಮ್ಮನ ಬಟ್ಟಲಿನ ಹತ್ತಿರ ಬಂದು, ದಿನಾ ಕೇಳುವ ಹಾಗೆ ಕೇಳಿದರು.

"ಇನ್ನೂ ಹಸಿವು ಉಟ್ಟಾ?"

ನಮ್ಮ ಭಾಷೆಯಲ್ಲಿ ಉಟ್ಟು ಎಂದರೆ ಉಂಟು. ದಿನಾ ಈ ಪ್ರಶ್ನೆಗೆ ಅವರು ಜರ್ಮನಿನಲ್ಲಿ ಹೌದು ಎನ್ನುವುದು, ಜಾನಕಿಯಕ್ಕನೂ ಆ ಒಂದು ಶಬ್ದವನ್ನು ಕಲಿತುಬಿಟ್ಟಿದ್ದರು.

"ಉಟ್ಟು," ಎಂದರು ಕುಶಾಲಪ್ಪಣ್ಣ.

ಅಭ್ಯಾಸಬಲದಿಂದ ನಾನು ಅಕ್ಕನಿಗೆ ತಿಳಿಸಿ ಹೇಳಲು ಬಾಯಿ ತೆರೆದಿದ್ದೆ. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದೆ. ಜಾನಕಿಯಕ್ಕನ ಕೈಯ ಸೌಟು ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಅವರು ಯಾರ ಮುಖವನ್ನೂ ನೋಡಲಿಲ್ಲ. ಬಗ್ಗಿ ಇನ್ನೊಂದು ಕಡುಬು ಬಡಿಸಿದರು, ಸ್ವಲ್ಪ ನಿಂತು, ಮತ್ತೊಂದು.